ಒಂದು ತಾಯಿ ಕಾರ್ಡು ಎಷ್ಟು ಕೈ ದಾಟುತ್ತದೆ?

ಗುರುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಕೊಪ್ಪಳ ಸೀಮೆಯ ಯಾವ ಅಂಗನವಾಡಿಯ ಮುಂದೆ ನಿಂತರೂ ಹೆಚ್ಚುಕಡಿಮೆ ಒಂದೇ ನೋಟ. ಹೊಸ್ತಿಲ ಹೊರಗೆ ಚಪ್ಪಲಿಗಳ ಸಾಲು. ಒಳಗೆ ಚುಚ್ಚುಮದ್ದಿನ ಡಬ್ಬಿ, ಮೂಲೆಯಲ್ಲೊಂದು ತೂಕದ ಯಂತ್ರ, ಗೋಡೆಗೆ ಒರಗಿ ಕೂತ ನಾಲ್ಕೈದು ಬಸುರಿಯರು. ಎಲ್ಲರ ಮಡಿಲಲ್ಲೂ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟ ಒಂದೊಂದು ಕಾರ್ಡು. ನರ್ಸಮ್ಮ ಒಬ್ಬೊಬ್ಬರನ್ನೇ ಕರೆದು ತೋಳಿಗೆ ಬಿ.ಪಿ. ಪಟ್ಟಿ ಸುತ್ತುತ್ತಾರೆ, ಬೆರಳ ತುದಿಗೆ ಸೂಜಿ ತಾಗಿಸಿ ಒಂದು ಹನಿ ರಕ್ತ ತೆಗೆಯುತ್ತಾರೆ, ಹೊಟ್ಟೆಯ ಮೇಲೆ ಟೇಪು ಹಿಡಿದು ಅಳೆಯುತ್ತಾರೆ. ಪಕ್ಕದಲ್ಲಿ ನಿಂತ ಆಶಾ ಅಕ್ಕ ಕೇಳುತ್ತಾಳೆ: “ಗುಳಿಗಿ ನುಂಗಾಕತ್ತೀಯಿಲ್ಲ ಯವ್ವಾ?”

“ನುಂಗ್ತೀನ್ರಿ ಅಕ್ಕಾ, ಆದ್ರ ನುಂಗಿದ್ರ ವಾಂತಿ ಬಂದಂಗ ಆಕ್ಕೈತಿ.”

“ಉಂಡ ಮ್ಯಾಲೆ ರಾತ್ರಿ ನುಂಗು. ಚಾದ ಜೋಡಿ ಬ್ಯಾಡ.”

ಇಷ್ಟೇ ಮಾತು. ಆಮೇಲೆ ಕಾರ್ಡಿನ ಒಂದು ಚೌಕದಲ್ಲಿ ಅಂಕಿ ಬೀಳುತ್ತದೆ, ಮುಂದಿನ ತಾರೀಕು ಬರೆಯಲಾಗುತ್ತದೆ. ಹೊರಗಿನಿಂದ ನೋಡಿದವರಿಗೆ ಇದು ಸಣ್ಣ ಕೆಲಸವಾಗಿ ಕಾಣಬಹುದು. ಆದರೆ ಕಳೆದ ಇಪ್ಪತ್ತು ವರ್ಷಗಳಲ್ಲಿ ಕರ್ನಾಟಕದ ಸಾವಿರಾರು ತಾಯಂದಿರು ಹೆರಿಗೆಯಲ್ಲಿ ಸಾಯದೆ ಉಳಿದಿದ್ದರೆ, ಇಂಥ ಅಂಗನವಾಡಿಗಳಲ್ಲಿ ಬರೆದ ಅಂಕಿಗಳ ಪಾಲೂ ಅದರಲ್ಲಿ ದೊಡ್ಡದು.

2001–03ರಲ್ಲಿ ರಾಜ್ಯದಲ್ಲಿ ಒಂದು ಲಕ್ಷ ಸಜೀವ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. ಕೇಂದ್ರದ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ 2018–20ರ ಹೊತ್ತಿಗೆ ಆ ಸಂಖ್ಯೆ 69ಕ್ಕೆ ಇಳಿದಿತ್ತು. ಹುಟ್ಟಿದ ಸಾವಿರ ಶಿಶುಗಳಲ್ಲಿ ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಿದ್ದವರು 2005ರಲ್ಲಿ 50, 2020ರಲ್ಲಿ 19. ಹಾಗೆಂದು ನೆಮ್ಮದಿಯಿಂದ ಕೂರುವಂತಿಲ್ಲ. ಅದೇ 2018–20ರ ಲೆಕ್ಕದಲ್ಲಿ ನೆರೆಯ ಕೇರಳದ ತಾಯಂದಿರ ಮರಣ ಪ್ರಮಾಣ 19. ಅಂದರೆ ನಾವು ಕಳೆದುಕೊಳ್ಳುತ್ತಿರುವ ಜೀವಗಳಲ್ಲಿ ಬಹುಪಾಲನ್ನು ಇನ್ನೂ ಉಳಿಸಿಕೊಳ್ಳಬಹುದು.

ಕಾರ್ಡಿನೊಳಗೆ ಏನಿರುತ್ತದೆ

ಮುಟ್ಟು ನಿಂತ ಸುದ್ದಿ ಮೊದಲು ಮುಟ್ಟುವುದು ಆಶಾ ಕಾರ್ಯಕರ್ತೆಗೆ. ಸುಮಾರು ಸಾವಿರ ಜನಕ್ಕೆ ಒಬ್ಬಳಂತೆ ಅದೇ ಊರಿನ ಹೆಣ್ಣುಮಗಳನ್ನು ಆರಿಸುವ ಈ ಏರ್ಪಾಡು 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಬಂತು. ಮೂರು ತಿಂಗಳೊಳಗೆ ಹೆಸರು ಬರೆಸಬೇಕು, ಹೆರಿಗೆಯೊಳಗೆ ಕನಿಷ್ಠ ನಾಲ್ಕು ಬಾರಿ ತಪಾಸಣೆಯಾಗಬೇಕು ಎನ್ನುವುದು ನಿಯಮ. ಹೆಸರು ಬರೆಸಿದ ದಿನ ಕೈಗೆ ಬರುವುದೇ ತಾಯಿ ಕಾರ್ಡು.

ಅದರಲ್ಲಿ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್, ಮೂತ್ರದಲ್ಲಿ ಸಕ್ಕರೆ ಮತ್ತು ಪ್ರೋಟೀನ್, ಮಗುವಿನ ಬೆಳವಣಿಗೆ, ಟಿ.ಡಿ. ಚುಚ್ಚುಮದ್ದು ಎಲ್ಲಕ್ಕೂ ಒಂದೊಂದು ಜಾಗ. ಪ್ರತಿ ಅಂಕಿಗೂ ಅರ್ಥವಿದೆ. ರಕ್ತದೊತ್ತಡ 140/90 ದಾಟಿ ಮೂತ್ರದಲ್ಲಿ ಪ್ರೋಟೀನ್ ಕಂಡರೆ ಅದು ಮುಂದೆ ಬಸುರಿಗೆ ಫಿಟ್ಸ್ ತರಬಲ್ಲ ಕಾಯಿಲೆಯ ಮುನ್ಸೂಚನೆ. ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು ಮುಂತಾದ ಲಕ್ಷಣಗಳನ್ನು “ಬಸುರಿಗೆ ಇದೆಲ್ಲ ಇದ್ದದ್ದೇ” ಎಂದು ಮನೆಯವರು ತಳ್ಳಿಹಾಕುವ ಹೊತ್ತಿನಲ್ಲಿ ಆ ಬಿ.ಪಿ. ಪಟ್ಟಿಯ ಅಂಕಿಯೊಂದೇ ನಿಜ ಹೇಳುತ್ತದೆ.

2016ರಿಂದ ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ವೈದ್ಯರಿಂದಲೇ ಉಚಿತ ತಪಾಸಣೆ ನಡೆಯುತ್ತದೆ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ ಎಂಬುದು ಅದರ ಹೆಸರು. ಅಪಾಯವಿಲ್ಲದವರ ಕಾರ್ಡಿಗೆ ಹಸಿರು ಚೀಟಿ, ತೊಡಕಿನ ಬಸುರಿಯ ಕಾರ್ಡಿಗೆ ಕೆಂಪು ಚೀಟಿ. ಓದು ಬರಹ ಬಾರದ ಅತ್ತೆಗೂ ಆ ಕೆಂಪು ಬಣ್ಣ ಅರ್ಥವಾಗುತ್ತದೆ: ಈ ಸೊಸೆಯ ಹೆರಿಗೆ ಮನೆಯಲ್ಲಾಗಲಿ, ಸಣ್ಣ ಕೇಂದ್ರದಲ್ಲಾಗಲಿ ಆಗಬಾರದು, ಸಿಸೇರಿಯನ್ ಮಾಡುವ, ರಕ್ತ ಸಿಗುವ ಆಸ್ಪತ್ರೆಯಲ್ಲೇ ಆಗಬೇಕು.

ಸೂಲಗಿತ್ತಿಯಿಂದ ಹೆರಿಗೆ ಕೋಣೆಗೆ

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಬದುಕಿಡೀ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. ಕಾಸು ಕೇಳದೆ, ಹಗಲು ರಾತ್ರಿ ಎನ್ನದೆ ಕರೆದಲ್ಲಿಗೆ ನಡೆದರು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡಾಗ ನಾಡಿನ ಒಂದು ಕಾಲವೇ ಮುಗಿದಂತಾಯಿತು. ಆಸ್ಪತ್ರೆ ದೂರವಿದ್ದ, ದಾರಿ ಇಲ್ಲದ ಊರುಗಳಲ್ಲಿ ಹೆಣ್ಣಿನ ಬೆನ್ನಿಗೆ ನಿಂತವರು ಇಂಥ ತಾಯಂದಿರೇ. ಹೊಟ್ಟೆ ಮುಟ್ಟಿ ಮಗುವಿನ ತಲೆ ಎಲ್ಲಿದೆ ಎಂದು ಹೇಳುವ ಅವರ ಕೈಗುಣಕ್ಕೆ ಬೆಲೆ ಕಟ್ಟಲಾಗದು. ಆದರೆ ರಕ್ತ ಸುರಿಯತೊಡಗಿದರೆ ಯಾವ ಕೈಗುಣವೂ ಸಾಲದು. ಅದಕ್ಕೆ ಔಷಧ ಬೇಕು, ರಕ್ತ ಬೇಕು, ಶಸ್ತ್ರಚಿಕಿತ್ಸೆ ಬೇಕು.

2005–06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದಲ್ಲಿ ನೂರಕ್ಕೆ 65ರಷ್ಟು ಹೆರಿಗೆಗಳು ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2019–21ರ ಸಮೀಕ್ಷೆಯಲ್ಲಿ ಅದು 97. ಈ ಬದಲಾವಣೆಗೆ ಕಾರಣವಾದದ್ದು ಒಂದೇ ಯೋಜನೆಯಲ್ಲ. ಜನನಿ ಸುರಕ್ಷಾ ಯೋಜನೆ 2005ರಿಂದ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಂದಿರಿಗೆ ಹಣ ಕೊಡತೊಡಗಿತು. ನಮ್ಮ ರಾಜ್ಯದ ಹಳ್ಳಿಯವರಿಗೆ 700 ರೂಪಾಯಿ, ಪಟ್ಟಣದವರಿಗೆ 600. 2008ರ ನವೆಂಬರ್ 1ರಂದು ಆರೋಗ್ಯ ಕವಚ ಶುರುವಾಗಿ, 108 ಒತ್ತಿದರೆ ಆಂಬುಲೆನ್ಸ್ ಬರುವಂತಾಯಿತು. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಅದಕ್ಕಿಂತ ದೊಡ್ಡ ಮಾತು ಹೇಳಿತು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ ಒಂದು ಪೈಸೆಯನ್ನೂ ಪಡೆಯುವಂತಿಲ್ಲ ಎಂದಿತು. ಔಷಧ, ಪರೀಕ್ಷೆ, ರಕ್ತ, ಸಿಸೇರಿಯನ್, ಸಹಜ ಹೆರಿಗೆಗೆ ಮೂರು ದಿನ ಮತ್ತು ಸಿಸೇರಿಯನ್‌ಗೆ ಏಳು ದಿನದ ಊಟ, ಹೋಗಿ ಬರುವ ವಾಹನ ಎಲ್ಲವೂ ಉಚಿತ. ಹುಷಾರಿಲ್ಲದ ಶಿಶುವಿಗೆ ಒಂದು ವರ್ಷದವರೆಗೂ ಈ ಹಕ್ಕು ಇದೆ. ಬಾಣಂತಿ ಮತ್ತು ಕೂಸನ್ನು ಮನೆಗೆ ಬಿಟ್ಟು ಬರುವ ವಾಹನಕ್ಕೆ ನಮ್ಮಲ್ಲಿ ‘ನಗು ಮಗು’ ಎಂಬ ಚಂದದ ಹೆಸರಿದೆ.

ಈ ಹಕ್ಕುಗಳು ಗೊತ್ತಿಲ್ಲದ ಕಾರಣಕ್ಕೆ ಇಂದಿಗೂ ಕೆಲವರು ಹೊರಗಿನ ಅಂಗಡಿಯಿಂದ ಔಷಧ ತರುತ್ತಾರೆ, ಬಾಡಿಗೆ ಕಾರು ಮಾಡಿಕೊಂಡು ಹೋಗುತ್ತಾರೆ. ಕೇಳಿ ಪಡೆಯಬೇಕಾದದ್ದನ್ನು ಕೈಮುಗಿದು ಬೇಡಬೇಕಾಗಿಲ್ಲ ಎಂಬುದನ್ನು ಪ್ರತಿ ಮನೆಯೂ ತಿಳಿದಿರಬೇಕು.

ಕೆಂಪು ಮಾತ್ರೆ, ಬಿಸಿಯೂಟ

ಆಸ್ಪತ್ರೆ ಮುಟ್ಟುವ ಮೊದಲೇ ಸೋಲು ಗೆಲುವು ಅರ್ಧ ನಿರ್ಧಾರವಾಗಿರುತ್ತದೆ. ಅದನ್ನು ನಿರ್ಧರಿಸುವುದು ರಕ್ತ. ಬಸುರಿಯ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ; 7ಕ್ಕಿಂತ ಕೆಳಗಿಳಿದರೆ ತೀವ್ರ. 2019–21ರ ಸಮೀಕ್ಷೆಯಲ್ಲಿ ರಾಜ್ಯದ ಬಸುರಿಯರಲ್ಲಿ ನೂರಕ್ಕೆ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇತ್ತು. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲೂ ಇದೇ ಮಟ್ಟ. ಆಸ್ಪತ್ರೆ ಹೆರಿಗೆಯ ಅಂಕಿ ಎಷ್ಟು ಏರಿದರೂ ಈ ಒಂದು ಅಂಕಿ ಮಾತ್ರ ಕದಲಿಲ್ಲ. ಮೈಯಲ್ಲಿ ರಕ್ತವೇ ಇಲ್ಲದವಳಿಗೆ ಹೆರಿಗೆಯಲ್ಲಿ ಅರ್ಧ ಲೀಟರ್ ರಕ್ತ ಹೋದರೂ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ.

ಬಸುರಿನಲ್ಲಿ 180, ಬಾಣಂತನದಲ್ಲಿ 180 ಕಬ್ಬಿಣಾಂಶದ ಕೆಂಪು ಮಾತ್ರೆಗಳನ್ನು ಉಚಿತವಾಗಿ ಕೊಡಲಾಗುತ್ತದೆ. ಕೊಡುವುದು ಸುಲಭ, ನುಂಗಿಸುವುದು ಕಷ್ಟ. ನುಂಗಿದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ. ಮಗು ಕಪ್ಪಗೆ ಹುಟ್ಟುತ್ತದೆಂಬ, ವಿಪರೀತ ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆಂಬ ಭಯ ಬೇರೆ. ಮಲ ಕಪ್ಪಾಗುವುದು ಮಾತ್ರೆಯಲ್ಲಿರುವ ಕಬ್ಬಿಣದಿಂದ. ಮಗುವಿನ ಮೈಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ. ಚಹಾ ಕಾಫಿಯ ಜೊತೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ, ಕ್ಯಾಲ್ಸಿಯಂ ಮಾತ್ರೆಯನ್ನೂ ಅದರ ಜೊತೆಗೇ ನುಂಗಬಾರದು. ನಿಂಬೆಹುಳಿ, ಪೇರಲ, ನೆಲ್ಲಿಕಾಯಿ ಜೊತೆಗಿದ್ದರೆ ಒಳ್ಳೆಯದು. ಅಂಗನವಾಡಿಯಲ್ಲಿ ಆಶಾ ಅಕ್ಕ ಹೇಳಿದ “ಚಾದ ಜೋಡಿ ಬ್ಯಾಡ” ಎಂಬ ಆ ಒಂದು ಮಾತಿನ ಹಿಂದೆ ಇಷ್ಟೆಲ್ಲ ಇದೆ.

ಮಾತ್ರೆಯೊಂದೇ ಸಾಲದು, ಊಟವೂ ಬೇಕು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಗೆ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಇಂದು ಪ್ರತಿ ಊರಿನಲ್ಲಿರುವ ಅಂಗನವಾಡಿಗೆ ಅದೇ ಬೇರು. 42 ವರ್ಷಗಳ ನಂತರ ಅದೇ ಗಾಂಧಿ ಜಯಂತಿಯಂದು, 2017ರಲ್ಲಿ, ರಾಜ್ಯ ಸರ್ಕಾರ ಮಾತೃಪೂರ್ಣ ಯೋಜನೆಯನ್ನು ಎಲ್ಲೆಡೆ ತಂದಿತು. ಬಸುರಿ ಬಾಣಂತಿಯರಿಗೆ ತಿಂಗಳಲ್ಲಿ 25 ದಿನ ಅನ್ನ, ಸಾಂಬಾರು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿಯ ಬಿಸಿಯೂಟ; ಊಟದ ನಂತರ ಅಲ್ಲೇ ಕೆಂಪು ಮಾತ್ರೆ. ಮನೆಗೆ ಕೊಟ್ಟ ದಿನಸಿ ಎಲ್ಲರ ತಟ್ಟೆಗೂ ಹಂಚಿಹೋಗಿ ಬಸುರಿಗೆ ಉಳಿಯುವುದು ಕಡಿಮೆ. ಅಂಗನವಾಡಿಯಲ್ಲೇ ಕೂರಿಸಿ ಬಡಿಸಿದರೆ ಅದು ಅವಳ ಹೊಟ್ಟೆಗೇ ಸೇರುತ್ತದೆ ಎಂಬುದು ಇದರ ಹಿಂದಿನ ಯೋಚನೆ. ಆದರೆ ಮಲೆನಾಡಿನ ಒಂಟಿಮನೆಗಳಿಂದ ಎಂಟು ತಿಂಗಳ ಬಸುರಿ ಗುಡ್ಡ ಇಳಿದು ಊಟಕ್ಕೆ ಬರುವುದು ಹೇಗೆ? ಕೂಲಿಗೆ ಹೋದವಳು ಮಧ್ಯಾಹ್ನ ಹೊಲ ಬಿಟ್ಟು ಬರುವುದು ಹೇಗೆ? ಯೋಜನೆ ಶುರುವಾದಾಗಿನಿಂದಲೂ ಈ ಪ್ರಶ್ನೆಗಳು ಇದ್ದೇ ಇವೆ. ಅಡುಗೆ ಎಷ್ಟು ಚೆನ್ನಾಗಿದ್ದರೂ ಅದು ತಾಯಿಯ ಬಾಯಿಗೆ ಮುಟ್ಟುವ ದಾರಿಯೂ ಯೋಜನೆಯ ಭಾಗವೇ ಆಗಬೇಕು.

ಬೆಳಗಾವಿಯ ಹಳ್ಳಿಗಳು ಕಲಿಸಿದ ಪಾಠ

ಹೆರಿಗೆಯಾದ ಮೇಲಿನ ರಕ್ತಸ್ರಾವ ತಾಯಂದಿರ ಸಾವಿನ ದೊಡ್ಡ ಕಾರಣ. ಅದನ್ನು ತಡೆಯುವ ಬಗೆಯನ್ನು ಹುಡುಕಿದ ಒಂದು ಮಹತ್ವದ ಪ್ರಯೋಗ ನಡೆದದ್ದು ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ತಂಡ ಅಮೆರಿಕದ ಸಂಶೋಧಕರ ಜೊತೆ ಸೇರಿ 2002ರಿಂದ 2005ರವರೆಗೆ 1620 ತಾಯಂದಿರ ಮೇಲೆ ನಡೆಸಿದ ಅಧ್ಯಯನ ಅದು. ಹೆರಿಗೆ ಮಾಡಿಸಿದವರು ತಜ್ಞ ವೈದ್ಯರಲ್ಲ, ಊರಿನ 25 ಮಂದಿ ಕಿರಿಯ ಆರೋಗ್ಯ ಸಹಾಯಕಿಯರು. ಮಗು ಹುಟ್ಟಿದ ಕೂಡಲೇ ಅರ್ಧದಷ್ಟು ತಾಯಂದಿರಿಗೆ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಲಾಯಿತು, ಉಳಿದವರಿಗೆ ಔಷಧವಿಲ್ಲದ ಅದೇ ರೂಪದ ಮಾತ್ರೆ. ಔಷಧ ಸಿಗದವರಲ್ಲಿ ನೂರಕ್ಕೆ 12 ಮಂದಿಗೆ ಅತಿ ರಕ್ತಸ್ರಾವವಾಯಿತು, ಸಿಕ್ಕವರಲ್ಲಿ 6.4. ತೀರಾ ಗಂಭೀರ ರಕ್ತಸ್ರಾವ 1.2ರಿಂದ 0.2ಕ್ಕೆ ಇಳಿಯಿತು.

ಫ್ರಿಜ್ಜು ಬೇಡದ, ಸೂಜಿ ಬೇಡದ, ಕೆಲವೇ ರೂಪಾಯಿಯ ಮಾತ್ರೆ. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ಫಲಿತಾಂಶ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆ ರಕ್ತಸ್ರಾವ ತಡೆಯುವ ಅಗತ್ಯ ಔಷಧಗಳ ಪಟ್ಟಿಗೆ ಇದನ್ನು ಸೇರಿಸಿತು.

ಆ ಪ್ರಯೋಗದಲ್ಲಿ ಇನ್ನೊಂದು ಸಣ್ಣ ಸಾಧನವೂ ಇತ್ತು. ರಕ್ತ ಎಷ್ಟು ಹೋಯಿತೆಂದು ಕಣ್ಣಂದಾಜಿನಲ್ಲಿ ಹೇಳಿದರೆ ಸಾಮಾನ್ಯವಾಗಿ ಕಡಿಮೆಯೇ ಹೇಳುತ್ತಾರೆ. ಬಟ್ಟೆಗೆ, ಚಾಪೆಗೆ ಇಂಗಿದ್ದು ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ ತಾಯಿಯ ಕೆಳಗೆ ಹಾಸುವ, ತುದಿಯಲ್ಲಿ ಆಲಿಕೆಯಂತೆ ಚೀಲವಿರುವ, ಅಳತೆಯ ಗೆರೆ ಹಾಕಿದ ಪ್ಲಾಸ್ಟಿಕ್ ಹಾಳೆಯನ್ನು ಬಳಸಿದರು. ಎಷ್ಟು ಮಿಲಿಲೀಟರ್ ಹೋಗಿದೆ ಎಂಬುದು ಗೆರೆಯಲ್ಲೇ ಕಾಣುತ್ತದೆ. ಗಾಬರಿಯಾಗಬೇಕಾದ ಹೊತ್ತು ಯಾವುದೆಂದು ತಿಳಿಯುತ್ತದೆ. ಮುಂದೆ 2023ರಲ್ಲಿ ಆಫ್ರಿಕಾದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ಇಂಥ ಅಳತೆ ಹಾಳೆಯಿಂದ ಬೇಗ ಗುರುತಿಸಿ, ಎಲ್ಲ ಚಿಕಿತ್ಸೆಗಳನ್ನೂ ಒಟ್ಟಿಗೇ ಕೊಟ್ಟಾಗ ಗಂಭೀರ ರಕ್ತಸ್ರಾವ ಮತ್ತು ಅದರ ಅನಾಹುತಗಳು ನೂರಕ್ಕೆ 60ರಷ್ಟು ಕಡಿಮೆಯಾದವು.

ಮನೆಯಂಗಳದ ಆರು ಭೇಟಿ

ತಾಯಿ ಮನೆಗೆ ಬಂದಳು, ಗಂಡಾಂತರ ಕಳೆಯಿತು ಎಂದುಕೊಳ್ಳುವುದು ಸಹಜ. ಆದರೆ ಶಿಶು ಮರಣಗಳಲ್ಲಿ ಬಹುಪಾಲು ಸಂಭವಿಸುವುದು ಮೊದಲ ತಿಂಗಳೊಳಗೆ. ಇದಕ್ಕೆ ಮದ್ದು ಕಂಡದ್ದು ಮಹಾರಾಷ್ಟ್ರದ ಗಡ್‌ಚಿರೋಲಿಯ ಕಾಡಂಚಿನ ಹಳ್ಳಿಗಳಲ್ಲಿ. ವೈದ್ಯ ದಂಪತಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ಅಲ್ಲಿನ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು, ಮನೆಮನೆಗೆ ಹೋಗಿ ನವಜಾತ ಶಿಶುವನ್ನು ನೋಡಿಕೊಳ್ಳುವಂತೆ ಮಾಡಿದರು. ಮೂರು ವರ್ಷದೊಳಗೆ ಆ ಹಳ್ಳಿಗಳಲ್ಲಿ ನವಜಾತ ಶಿಶುಗಳ ಸಾವು ನೂರಕ್ಕೆ 62ರಷ್ಟು ಇಳಿಯಿತೆಂದು 1999ರಲ್ಲಿ ವರದಿಯಾಯಿತು. 2011ರಿಂದ ಅದೇ ಮಾದರಿ ದೇಶದ ಆಶಾ ಕಾರ್ಯಕರ್ತೆಯರ ಕೆಲಸವಾಯಿತು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ ಮನೆ ಭೇಟಿ.

ಮೂರನೆಯ ದಿನದ ಭೇಟಿಯನ್ನು ಹತ್ತಿರದಿಂದ ನೋಡಬೇಕು. ಬಾಣಂತಿ ಕೋಣೆಗೆ ಕಾಲಿಡುವ ಮೊದಲು ಆಶಾ ಅಕ್ಕ ಬಳೆ ಉಂಗುರ ತೆಗೆದಿಟ್ಟು, ಮೊಳಕೈವರೆಗೂ ಸೋಪು ಹಚ್ಚಿ ಕೈ ತೊಳೆಯುತ್ತಾಳೆ. ಒರೆಸಿಕೊಳ್ಳುವುದಿಲ್ಲ, ಗಾಳಿಗೆ ಒಣಗಿಸುತ್ತಾಳೆ. ಕೂಸಿನ ಕಂಕುಳಲ್ಲಿ ಥರ್ಮಾಮೀಟರ್ ಇಡುತ್ತಾಳೆ. ಜೋಳಿಗೆಯಲ್ಲಿ ಮಲಗಿಸಿ ತಕ್ಕಡಿಗೆ ತೂಗುಹಾಕಿ ತೂಕ ನೋಡುತ್ತಾಳೆ. ಆಮೇಲೆ ಕೂಸಿನ ಅಂಗಿ ಎತ್ತಿ, ಕೈಗಡಿಯಾರ ಹಿಡಿದು, ಪೂರ್ತಿ ಒಂದು ನಿಮಿಷ ಉಸಿರು ಎಣಿಸುತ್ತಾಳೆ. ಎಣಿಕೆ 60 ಮುಟ್ಟಿದರೆ, ಎದೆಯ ಕೆಳಭಾಗ ಒಳಗೆ ಸೆಳೆದರೆ, ಕೂಸು ಹಾಲು ಬಿಟ್ಟರೆ, ಮೈ ತಣ್ಣಗಾದರೆ ತಡಮಾಡುವಂತಿಲ್ಲ. ಆಗಲೇ 108.

ಅಜ್ಜಿಯರ ಜೊತೆಗಿನ ಮಾತುಕತೆಯೂ ಅಲ್ಲೇ. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಬಾರದು, ಅದೇ ಕೂಸಿನ ಮೊದಲ ಲಸಿಕೆ ಇದ್ದಂತೆ. ಜೇನು, ಸಕ್ಕರೆ ನೀರು ಬೇಡ; ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಬೇಡ. ಹೊಕ್ಕುಳಿಗೆ ಬೂದಿ, ಎಣ್ಣೆ ಏನೂ ಹಚ್ಚಬಾರದು. ಬಾಗಿಲು ಕಿಟಕಿ ಮುಚ್ಚಿ ಬಾಣಂತಿ ಕೋಣೆಯಲ್ಲಿ ಹೊಗೆ ತುಂಬಿದರೆ ಆ ಹೊಗೆಯನ್ನೇ ಕೂಸೂ ಉಸಿರಾಡುತ್ತದೆ. ಬಾಣಂತಿಗೆ ನೀರು ಕೊಡದೆ ಒಣಗಿಸಿದರೆ ಅವಳ ಮೈ ಬೇಗ ಚೇತರಿಸುವುದಿಲ್ಲ. ಬೆಚ್ಚಗಿಡುವುದು, ವಿಶ್ರಾಂತಿ ಕೊಡುವುದು, ತುಪ್ಪ ಮೆಂತ್ಯ ಹಾಕಿ ಉಣಿಸುವುದು ನಮ್ಮ ಬಾಣಂತನದ ಒಳ್ಳೆಯ ಗುಣಗಳು. ಅವನ್ನು ಹೊಗಳಿಯೇ ಉಳಿದದ್ದನ್ನು ಬಿಡಿಸಬೇಕೆಂಬುದು ಅನುಭವಿ ಆಶಾ ಅಕ್ಕಂದಿರಿಗೆ ಗೊತ್ತು.

ತೂಕ ಕಡಿಮೆಯಿರುವ ಕೂಸಿಗೆ ತಾಯಿಯ ಎದೆಯೇ ಮೇಲು. ಬರಿಮೈ ಕೂಸನ್ನು ತಾಯಿಯ ಎದೆಗೆ ಅಂಟಿಸಿ ಬಟ್ಟೆ ಸುತ್ತುವ ಕಾಂಗರೂ ಆರೈಕೆ ಹುಟ್ಟಿದ್ದು 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ, ಇನ್‌ಕ್ಯುಬೇಟರ್‌ಗಳು ಸಾಲದಿದ್ದ ಆಸ್ಪತ್ರೆಯೊಂದರಲ್ಲಿ. ಅದನ್ನು ಇಡೀ ಜಿಲ್ಲೆಯ ಮಟ್ಟಿಗೆ ಆಸ್ಪತ್ರೆಯಿಂದ ಮನೆಯವರೆಗೆ ಹೇಗೆ ಮುಟ್ಟಿಸಬಹುದೆಂದು ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು ಆರೋಗ್ಯ ಇಲಾಖೆಯ ಜೊತೆಗೂಡಿ ಮಾಡಿ ನೋಡಿದ್ದು ಕೊಪ್ಪಳದಲ್ಲಿ. ತಾಯಿ ದಣಿದರೆ ಅಪ್ಪನೂ ಎದೆ ಕೊಡಬಹುದು, ಅಜ್ಜಿಯೂ ಕೊಡಬಹುದು.

ಕೊಂಡಿ ಕಳಚುವಲ್ಲಿ

ಇಷ್ಟೆಲ್ಲ ಇದ್ದೂ ತಾಯಂದಿರು ಏಕೆ ಸಾಯುತ್ತಾರೆ? ಹೆಚ್ಚಿನ ಸಲ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುವಾಗ.

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಸೀಮಂತ ಮುಗಿಸಿ ಏಳನೇ ತಿಂಗಳಲ್ಲಿ ಮಗಳು ತವರಿಗೆ ಬರುತ್ತಾಳೆ. ಅವಳ ಹೆಸರಿರುವುದು ಗಂಡನ ಊರಿನ ದಾಖಲೆಯಲ್ಲಿ; ಬಿ.ಪಿ. ಏರಿದ್ದು ತಿಳಿದಿರುವುದು ಅಲ್ಲಿನ ನರ್ಸಮ್ಮನಿಗೆ. ತವರಿನ ಆಶಾಗೆ ಅವಳು ಬಂದದ್ದೇ ತಿಳಿಯದಿದ್ದರೆ ಎರಡು ತಿಂಗಳು ಯಾರ ಕಣ್ಣಿಗೂ ಬೀಳದೆ ಕಳೆದುಹೋಗುತ್ತದೆ. ಸೀರೆ, ಬಳೆ, ಮಡಿಲಕ್ಕಿಯ ಜೊತೆ ತಾಯಿ ಕಾರ್ಡೂ ಬಂದಿದೆಯೇ ಎಂದು ಹೆತ್ತಮ್ಮ ಮೊದಲು ನೋಡಬೇಕು. ಬಂದ ವಾರದಲ್ಲೇ ಇಲ್ಲಿನ ಅಂಗನವಾಡಿಗೆ ಕರೆದೊಯ್ಯಬೇಕು.

ಆಸ್ಪತ್ರೆಯಿಂದ ಆಸ್ಪತ್ರೆಗೆ ಕಳಿಸುವಾಗ ಇನ್ನೊಂದು ಕೊಂಡಿ. ಮುಂದಿನ ಆಸ್ಪತ್ರೆಗೆ ಮೊದಲೇ ಫೋನು ಹೋದರೆ, ರಕ್ತದ ಗುಂಪು ತಿಳಿಸಿದರೆ, ಅಲ್ಲಿ ಅರಿವಳಿಕೆ ವೈದ್ಯರು ಇದ್ದಾರೆಂದು ಖಾತ್ರಿ ಮಾಡಿಕೊಂಡರೆ ಉಳಿಯುವ ಜೀವ, “ಮುಂದೆ ಹೋಗಿ” ಎಂಬ ಒಂದು ಚೀಟಿಯೊಂದಿಗೆ ಕಳಿಸಿದಾಗ ದಾರಿಯಲ್ಲೇ ಹೋಗಬಹುದು.

ಆಸ್ಪತ್ರೆ ಮುಟ್ಟಿದ ಮಾತ್ರಕ್ಕೂ ಎಲ್ಲ ಮುಗಿಯುವುದಿಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಇಡೀ ರಾಜ್ಯ ನಡುಗಿತು. ಅವರಿಗೆ ಕೊಟ್ಟ ಡ್ರಿಪ್ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಎದ್ದು, ಅದರ ಬಳಕೆ ನಿಂತಿತು, ರಾಜ್ಯದ ತಾಯಂದಿರ ಸಾವುಗಳ ಪರಿಶೀಲನೆಗೆ ಸರ್ಕಾರ ಮುಂದಾಯಿತು. ಮನೆ ಬಿಟ್ಟು ಆಸ್ಪತ್ರೆಗೆ ಬನ್ನಿ ಎಂದು ಎರಡು ದಶಕ ಕರೆದ ಮೇಲೆ, ಬಂದವರು ಜೀವಂತ ಮನೆಗೆ ಮರಳುವಂತೆ ನೋಡಿಕೊಳ್ಳುವುದು ಕರೆದವರ ಹೊಣೆ.

ಈ ಎಲ್ಲ ಕೊಂಡಿಗಳನ್ನು ಹಿಡಿದು ನಿಂತವರು ರಾಜ್ಯದ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳನ್ನು ಜಾಗತಿಕ ಆರೋಗ್ಯ ನಾಯಕರೆಂದು ಗೌರವಿಸಿತು. ಆದರೂ ಅವರು ನೌಕರರಲ್ಲ. ಕೆಲಸಕ್ಕೆ ತಕ್ಕಂತೆ ಪ್ರೋತ್ಸಾಹಧನ ಪಡೆಯುವ ಸ್ವಯಂಸೇವಕಿಯರು. ಕೂಸಿನ ಆ ಆರೂ ಮನೆ ಭೇಟಿಗೆ ಸೇರಿ ನಿಗದಿಯಾದದ್ದು 250 ರೂಪಾಯಿ. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅವರು ಹಗಲು ರಾತ್ರಿ ಕೂತ ಮೇಲೆ, ತಿಂಗಳಿಗೆ ಕನಿಷ್ಠ 10 ಸಾವಿರ ರೂಪಾಯಿಯ ಭರವಸೆ ಸಿಕ್ಕಿತು. ಆ ಮಾತು ಪೂರ್ತಿಯಾಗಿ ನಡೆಯುವುದು ಅವರ ಮನೆಗಳಿಗಷ್ಟೇ ಅಲ್ಲ, ಅವರು ನೋಡಿಕೊಳ್ಳುವ ಪ್ರತಿ ಬಾಣಂತಿ ಕೋಣೆಗೂ ಬೇಕಾದದ್ದು.

ಮನೆ ಭೇಟಿಯ ಕೊನೆಯ ದಿನ 42ನೆಯದು. ಆರು ವಾರ ತುಂಬುವ ದಿನವೂ ಅದೇ. ಪೆಂಟಾವೇಲೆಂಟ್ ಲಸಿಕೆಯ ಮೊದಲ ಡೋಸು, ಪೋಲಿಯೊ ಹನಿ, ರೋಟಾ ಲಸಿಕೆ ಎಲ್ಲಕ್ಕೂ ಅದೇ ಹೊತ್ತು. ಹಾಗಾಗಿ ಮುಂದಿನ ಗುರುವಾರ ಆ ತಾಯಿ ಮತ್ತೆ ಅಂಗನವಾಡಿಯ ಹೊಸ್ತಿಲು ದಾಟುತ್ತಾಳೆ, ಈ ಸಲ ಕೂಸನ್ನು ಎತ್ತಿಕೊಂಡು. ಕಾರ್ಡಿನಲ್ಲಿ ಅವಳ ಪುಟ ತುಂಬಿದೆ. ನರ್ಸಮ್ಮ ಹಾಳೆ ಮಗುಚಿ ಕೂಸಿನ ಪುಟ ತೆರೆಯುತ್ತಾರೆ. ತೊಡೆಗೆ ಸೂಜಿ ತಾಗುತ್ತದೆ, ಕೂಸು ಊರಿಗೆಲ್ಲ ಕೇಳುವಂತೆ ಅಳುತ್ತದೆ, ತಾಯಿ ಸೆರಗಿನೊಳಗೆ ಎಳೆದುಕೊಂಡು ಎದೆಗೆ ಹಚ್ಚುತ್ತಾಳೆ. “ರಾತ್ರಿ ಮೈ ಬಿಸಿಯಾದ್ರ ಗಾಬರಿ ಆಗಬ್ಯಾಡ ಯವ್ವಾ” ಎನ್ನುತ್ತ ಆಶಾ ಅಕ್ಕ ನಾಲ್ಕು ವಾರದ ನಂತರದ ತಾರೀಕನ್ನು ಚೌಕದಲ್ಲಿ ಬರೆದು ಕಾರ್ಡನ್ನು ಅವಳ ಕೈಗಿಡುತ್ತಾಳೆ.